ಹುಣಸೆಯ ಹುಳಿ, ಅಲ್ಯೂಮಿನಿಯಂನ ತೊಗಟೆ

ಕಳೆದ ಬೇಸಿಗೆಯಲ್ಲಿ ಹಿಂದೂಪುರದ ಮಾರುಕಟ್ಟೆಗೆ ಹುಣಸೆಹಣ್ಣಿನ ಮೂಟೆ ಹಾಕಿಕೊಂಡು ಹೊರಟಿದ್ದೆ. ಟೆಂಪೊದಲ್ಲಿ ಜೊತೆಗೆ ನನ್ನ ಅಕ್ಕನ ಮಗನಿದ್ದ. ಬೆಂಗಳೂರಿನ ಪೀಣ್ಯದಲ್ಲಿ ಹನ್ನೆರಡು ವರ್ಷ ದುಡಿದು ಊರಿಗೆ ವಾಪಸು ಬಂದ ಹುಡುಗ. ಮೂಟೆಯಿಂದ ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡು, "ಮಾವ, ಈ ಹುಳೀಲಿ ವಿಮಾನದ ತಗಡು ಅದ್ದುತಾರೆ, ಗೊತ್ತೇನು?" ಅಂದ.

"ಸಾರಿಗೆ ಹಾಕೋದನ್ನ ವಿಮಾನಕ್ಕೆ ಹಾಕ್ತಾರೇನೋ ಅಳಿಯ? ಬಿಸಿಲು ಜಾಸ್ತಿ ಆಯ್ತು ನಿನಗೆ" ಅಂತ ನಕ್ಕುಬಿಟ್ಟೆ.

ಅವನು ಹೇಳಿದ್ದು ಸುಳ್ಳಲ್ಲ, ಪೂರಾ ನಿಜವೂ ಅಲ್ಲ ಅನ್ನುವುದು ನನಗೆ ಆಮೇಲೆ ತಿಳಿಯಿತು. ಅದ್ದುವುದು ಹುಣಸೆ ರಸದಲ್ಲಲ್ಲ. ಹುಣಸೆಗೆ ಹುಳಿ ಕೊಡುವ ಟಾರ್ಟಾರಿಕ್ ಆಮ್ಲವನ್ನು ಗಂಧಕಾಮ್ಲದ ಜೊತೆ ಬೆರೆಸಿದ ತೊಟ್ಟಿಯಲ್ಲಿ. ಈ ಮಾತನ್ನು ಹುಡುಗ ಸುಮ್ಮನೆ ಎತ್ತಿರಲಿಲ್ಲ. ತನ್ನ ಪಾಲಿಗೆ ಬಂದ ಜಾಗದಲ್ಲಿ ಅಲ್ಯೂಮಿನಿಯಂ ಕಿಟಕಿ, ಬಾಗಿಲು, ಸೋಲಾರ್ ಚೌಕಟ್ಟುಗಳಿಗೆ ಆನೊಡೈಸಿಂಗ್ ಮಾಡುವ ಶೆಡ್ ಹಾಕಬೇಕು ಅಂತ ಅವನ ಆಸೆ. ಆ ಜಾಗ ಕೆರೆ ಕೋಡಿಯ ಪಕ್ಕದಲ್ಲಿದೆ, ನನ್ನ ಬೋರ್‌ವೆಲ್ಲಿಗೆ ಇನ್ನೂರು ಹೆಜ್ಜೆ. ಊರು ಒಪ್ಪಬೇಕಾದರೆ ಮೊದಲು ಮಾವ ಒಪ್ಪಬೇಕು.

ನಾನು ಎಸ್ಸೆಸ್ಸೆಲ್ಸಿ ಓದಿದ ರೈತ. ರಸಾಯನಶಾಸ್ತ್ರ ಅಲ್ಲಿಗೇ ನಿಂತಿದೆ. ಆದರೂ ನೀರಿನ ಪ್ರಶ್ನೆ ಬಂದಾಗ ಗೊತ್ತಿಲ್ಲ ಅಂತ ಕೈ ಕಟ್ಟಿ ಕೂರಲು ಆಗುವುದಿಲ್ಲ. ಅವನ ಜೊತೆಯಲ್ಲೇ ಪೀಣ್ಯಕ್ಕೆ ಹೋಗಿ ಬಂದೆ. ತಿಳಿದವರನ್ನು ಕೇಳಿದೆ, ಸಿಕ್ಕಿದ್ದನ್ನು ಓದಿದೆ. ಹೀಗೆ ಶೆಡ್ ಹಾಕುವ ಹುಡುಗರು ನಿಮ್ಮ ಊರಿಗೂ ಬಂದಾರು ಅಂತ ಇದನ್ನು ಬರೆಯುತ್ತಿದ್ದೇನೆ.

ಕಲಾಯಿ ಅಲ್ಲ, ತೊಗಟೆ

ಅಲ್ಯೂಮಿನಿಯಂ ಪಾತ್ರೆಗೆ ನಮ್ಮ ಕಡೆ ಕನ್ನಡದವರು ಸಿಲ್ವರ್ ಪಾತ್ರೆ ಅನ್ನುತ್ತಾರೆ, ತೆಲುಗಿನವರು ಸತ್ತು ಗಿನ್ನೆ ಅನ್ನುತ್ತಾರೆ. ಕಬ್ಬಿಣ ಹಾಳಾದರೆ ಇವರಿಗೆ ತುಕ್ಕು, ಅವರಿಗೆ ತುಪ್ಪು. ಸಿಲ್ವರಿಗೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಅದಕ್ಕೇ ಅದು ಹಾಳಾಗುವುದೇ ಇಲ್ಲ ಅಂತ ನಾವು ಎಷ್ಟೋ ಜನ ತಿಳಿದಿದ್ದೇವೆ. ನಾನೂ ಹಾಗೇ ತಿಳಿದು, ಒಂದು ಸಲ ಎಲೆಬಳ್ಳಿ ತೋಟಕ್ಕೆ ಹೊಡೆಯಲು ಮೈಲುತುತ್ತವನ್ನು ಸಿಲ್ವರ್ ಬಕೆಟ್ಟಿನಲ್ಲಿ ನೆನೆಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಬಕೆಟ್ಟಿನ ತಳದಲ್ಲಿ ಕೆಂಪಗೆ ತಾಮ್ರದ ಕೆಸರು, ಅದರ ಕೆಳಗೆ ಸೂಜಿ ಚುಚ್ಚಿದಂಥ ತೂತುಗಳು. ಮೈಲುತುತ್ತದಲ್ಲಿರುವ ತಾಮ್ರ ಅಲ್ಯೂಮಿನಿಯಂ ಮೇಲೆ ಕೂತು ಅದನ್ನು ತಿನ್ನುತ್ತದೆ. ಅದಕ್ಕೇ ಬೋರ್ಡೋ ದ್ರಾವಣವನ್ನು ಮಣ್ಣಿನ ಬಾನಿಯಲ್ಲೋ ಪ್ಲಾಸ್ಟಿಕ್ ಡ್ರಮ್ಮಿನಲ್ಲೋ ಮಾಡಿ ಅಂತ ಕೃಷಿ ಇಲಾಖೆಯವರು ಬಡಕೊಳ್ಳುವುದು. ಈ ತಾಮ್ರದ ವಿಷಯ ನೆನಪಿಟ್ಟುಕೊಳ್ಳಿ, ವಿಮಾನದ ಕಥೆಯಲ್ಲಿ ಮತ್ತೆ ಬರುತ್ತದೆ.

ಅಲ್ಯೂಮಿನಿಯಂ ಗಾಳಿಗೆ ತಾಗಿದ ಕೂಡಲೇ ತನ್ನ ಮೈಮೇಲೆ ತಾನೇ ಒಂದು ಪೊರೆ ಕಟ್ಟಿಕೊಳ್ಳುತ್ತದೆ. ಆಮ್ಲಜನಕ ಸೇರಿ ಆದ ಗಟ್ಟಿ ಪೊರೆ ಅದು. ಆದರೆ ಎಷ್ಟು ತೆಳುವು ಅಂದರೆ, ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಮೂರು ನಾಲ್ಕು ಭಾಗ ಅಷ್ಟೇ. ಉಪ್ಪುನೀರು, ಹುಳಿ, ಸುಣ್ಣ, ಬೂದಿ ಇವುಗಳ ಮುಂದೆ ಅದು ನಿಲ್ಲದು. ಆ ಪೊರೆಯನ್ನೇ ಕರೆಂಟಿನ ಬಲದಿಂದ ಸಾವಿರಾರು ಪಾಲು ದಪ್ಪ ಬೆಳೆಸುವುದಕ್ಕೆ ಆನೊಡೈಸಿಂಗ್ ಅಂತ ಹೆಸರು.

ನಾವು ಚಿಕ್ಕವರಿದ್ದಾಗ ಕಲಾಯಿ ಹಾಕುವವನು ಊರಿಗೆ ಬಂದು, ತಿದಿ ಊದಿ, ನವಸಾಗರ ಎರಚಿ ಹಿತ್ತಾಳೆ ಪಾತ್ರೆಗೆ ತವರ ಬಳಿಯುತ್ತಿದ್ದ. ಅದು ಹೊರಗಿನಿಂದ ತಂದು ಬಳಿದದ್ದು, ಸವೆದರೆ ಮತ್ತೆ ಬಳಿಯಬೇಕು. ಆನೊಡೈಸಿಂಗ್ ಹಾಗಲ್ಲ. ಮರ ತನ್ನ ತೊಗಟೆಯನ್ನು ತಾನೇ ಬೆಳೆಸಿಕೊಂಡ ಹಾಗೆ, ಲೋಹ ತನ್ನ ಮೈಯನ್ನೇ ಕರಗಿಸಿ ತೊಗಟೆ ಮಾಡಿಕೊಳ್ಳುತ್ತದೆ. ಬಣ್ಣದ ಹಾಗೆ ಎದ್ದು ಬರುವುದಿಲ್ಲ.

ಪೀಣ್ಯದ ಆ ಶೆಡ್ಡಿನಲ್ಲಿ ಕಂಡದ್ದು ಇಷ್ಟು. ಸಾಲಾಗಿ ತೊಟ್ಟಿಗಳು. ಅಲ್ಯೂಮಿನಿಯಂ ಪಟ್ಟಿಗಳನ್ನು ಕಂಬಿಗೆ ಕಟ್ಟಿ ತೂಗುಹಾಕಿ ಒಂದರಿಂದ ಒಂದಕ್ಕೆ ದಾಟಿಸುತ್ತಾ ಹೋಗುತ್ತಾರೆ. ಮೊದಲು ಜಿಡ್ಡು ತೆಗೆಯುವ ತೊಟ್ಟಿ, ಆಮೇಲೆ ಕಾಸ್ಟಿಕ್ ಸೋಡ, ಅಲ್ಲಿ ಕಪ್ಪಾಗಿದ್ದನ್ನು ಬಿಳುಪು ಮಾಡಲು ನೈಟ್ರಿಕ್ ಆಸಿಡ್, ಮಧ್ಯೆ ಮಧ್ಯೆ ತೊಳೆಯುವ ನೀರು. ಆಮೇಲೆ ಮುಖ್ಯ ತೊಟ್ಟಿ: ನಮ್ಮ ಟ್ರಾಕ್ಟರ್ ಬ್ಯಾಟರಿಗೆ ಹಾಕುವ ಆಸಿಡ್ಡೇ, ಇನ್ನೂ ತೆಳುವಾಗಿ, ನೂರಕ್ಕೆ 15ರಿಂದ 20ರಷ್ಟು. ಪಟ್ಟಿಗೆ ಪ್ಲಸ್ ವಯರ್, ತೊಟ್ಟಿಯ ಅಂಚಿನ ತಗಡಿಗೆ ಮೈನಸ್. 12ರಿಂದ 20 ವೋಲ್ಟಿನ ನೇರ ವಿದ್ಯುತ್ತು ಹರಿಸಿದರೆ ಸುಮಾರು ಅರ್ಧ ಗಂಟೆಯಲ್ಲಿ ಮಿಲಿಮೀಟರಿನ ಸಾವಿರದ ಹತ್ತು ಹದಿನೈದು ಭಾಗದಷ್ಟು, ಅಂದರೆ 10-15 ಮೈಕ್ರಾನ್ ತೊಗಟೆ ಬೆಳೆಯುತ್ತದೆ. ಆಸಿಡ್ ಕಾಯುತ್ತದೆ, ಅದನ್ನು 20 ಡಿಗ್ರಿಯ ಸುಮಾರಿಗೆ ತಂಪಾಗಿಡಲು ಯಂತ್ರ ಓಡುತ್ತಲೇ ಇರಬೇಕು.

ಹೊಸದಾಗಿ ಬೆಳೆದ ತೊಗಟೆಯಲ್ಲಿ ಜೇನುಗೂಡಿನ ಹಾಗೆ ಕಣ್ಣಿಗೆ ಕಾಣದ ತೂತುಗಳು. ಬಣ್ಣ ಬೇಕಾದರೆ ಆ ತೂತಿಗೆ ಬಣ್ಣ ಕುಡಿಸುತ್ತಾರೆ. ಆಮೇಲೆ ತೂತು ಮುಚ್ಚಬೇಕು, ಅದಕ್ಕೆ ಸೀಲಿಂಗ್ ಅನ್ನುತ್ತಾರೆ. ಶುದ್ಧ ನೀರಿನಲ್ಲಿ ಕುದಿಸಿದರೆ ಪೊರೆ ನೀರು ಹೀರಿ ಉಬ್ಬಿ ತೂತು ತಾನೇ ಮುಚ್ಚಿಕೊಳ್ಳುತ್ತದೆ. ನೆನೆದ ಅವರೆಕಾಳು ಉಬ್ಬಿ ಮಡಕೆ ತುಂಬಿದ ಹಾಗೆ.

ಕ್ರೋಮಿಯಂ ಎಲ್ಲಿಂದ ಬಂತು

ಇಷ್ಟರಲ್ಲಿ ಎಲ್ಲೂ ಕ್ರೋಮಿಯಂ ಬರಲಿಲ್ಲವಲ್ಲ, ಮತ್ತೆ ಅದರ ಹೆದರಿಕೆ ಯಾಕೆ? ಹಿಂದಕ್ಕೆ ಹೋಗಬೇಕು. 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬಾತ, ಅಲ್ಯೂಮಿನಿಯಂಗೆ ನೂರಕ್ಕೆ ನಾಲ್ಕರಷ್ಟು ತಾಮ್ರ ಬೆರೆಸಿ ಕಾಯಿಸಿ ತಣಿಸಿದರೆ ಅದು ದಿನಕಳೆದಂತೆ ಗಟ್ಟಿಯಾಗುವುದನ್ನು ಕಂಡುಕೊಂಡ. ಅದೇ ಡ್ಯುರಾಲುಮಿನ್. ವಿಮಾನ ಕಟ್ಟಲು ಅದರಂಥ ಲೋಹ ಇರಲಿಲ್ಲ, ಹಗುರವೂ ಹೌದು ಗಟ್ಟಿಯೂ ಹೌದು. ಆದರೆ ಒಳಗೇ ತಾಮ್ರ ಇಟ್ಟುಕೊಂಡ ಅಲ್ಯೂಮಿನಿಯಂ ಅದು. ನನ್ನ ಬಕೆಟ್ಟಿಗೆ ಆದದ್ದೇ ಅದಕ್ಕೂ ಆಗುತ್ತಿತ್ತು, ಅದರಲ್ಲೂ ಕಡಲ ಮೇಲೆ ಇಳಿಯುವ ವಿಮಾನಗಳಿಗೆ. 1923ರಲ್ಲಿ ಇಂಗ್ಲೆಂಡಿನ ಬೆಂಗೊ ಮತ್ತು ಸ್ಟುವರ್ಟ್ ಕ್ರೋಮಿಕ್ ಆಮ್ಲದ ತೊಟ್ಟಿಯಲ್ಲಿ ಕರೆಂಟು ಹರಿಸಿ ಈ ತಗಡಿಗೆ ತೊಗಟೆ ಬೆಳೆಸುವ ವಿಧಾನ ತಂದರು. ಗಂಧಕಾಮ್ಲದ ವಿಧಾನ ಬಂದದ್ದು ಅದಾದ ನಾಲ್ಕು ವರ್ಷಕ್ಕೆ, 1927ರಲ್ಲಿ. ಕಿಟಕಿ ಬಾಗಿಲಿನವರು ಅಗ್ಗದ ಗಂಧಕಾಮ್ಲ ಹಿಡಿದರು, ವಿಮಾನದವರು ಕ್ರೋಮಿಕ್ ಆಮ್ಲವನ್ನೇ ಹಿಡಿದು ಕೂತರು.

ಅವರು ಬಿಡದಿದ್ದಕ್ಕೆ ಕಾರಣವೂ ಇತ್ತು. ವಿಮಾನದ ತಗಡಿನ ಸಂದಿ, ರಿವೆಟ್ಟಿನ ಬುಡದಲ್ಲಿ ಆಸಿಡ್ ಹನಿ ಉಳಿದುಬಿಟ್ಟರೆ ಗಂಧಕಾಮ್ಲ ಒಳಗೊಳಗೇ ತಿನ್ನುತ್ತದೆ. ಕ್ರೋಮಿಕ್ ಆಮ್ಲ ಉಳಿದರೆ ತಿನ್ನುವುದಿಲ್ಲ, ಬದಲಿಗೆ ಕಾಯುತ್ತದೆ. ಗೀರು ಬಿದ್ದ ಕಡೆಗೂ ಹೋಗಿ ಔಷಧ ಹಚ್ಚಿದ ಹಾಗೆ ಮುಚ್ಚುತ್ತದೆ. ಇಂಥ ಗುಣ ಬೇರೆ ಯಾವುದಕ್ಕೂ ಅಷ್ಟು ಸುಲಭವಾಗಿ ಬರಲಿಲ್ಲ.

ಆದರೆ ಆ ತೊಟ್ಟಿಯಲ್ಲಿರುವುದು ಆರು ವೇಲೆನ್ಸಿಯ ಕ್ರೋಮಿಯಂ. ಅದರ ಆವಿ ಸೇವಿಸಿದ ಕೆಲಸಗಾರರಿಗೆ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ, ಮೂಗಿನ ಒಳಗೋಡೆ ತೂತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲನೆಯ ಗುಂಪಿಗೆ ಸೇರಿಸಿದೆ. ನೀರಲ್ಲಿ ಚೆನ್ನಾಗಿ ಕರಗುತ್ತದೆ, ಮಣ್ಣು ಅದನ್ನು ತಡೆದು ನಿಲ್ಲಿಸುವುದು ಕಷ್ಟ, ಅಂತರ್ಜಲದ ಜೊತೆಯಲ್ಲೇ ನಡೆದು ಹೋಗುತ್ತದೆ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು ಅಂತ ನಮ್ಮ ದೇಶದ ಮಾನಕ.

ಕ್ರೋಮಿಯಂ ನೆಲಕ್ಕೆ ಇಳಿದರೆ ಏನಾಗುತ್ತದೆ ಅಂತ ನೋಡಲು ದೂರ ಹೋಗಬೇಕಿಲ್ಲ. ನಮ್ಮ ನಂದಿ ಬೆಟ್ಟದ ಕಡೆ ಹುಟ್ಟುವ ಪಾಲಾರ್ ಹೊಳೆ ತಮಿಳುನಾಡಿಗೆ ಇಳಿದು ರಾಣಿಪೇಟೆಯ ಬಳಿ ಹೋಗುತ್ತದೆ. ಅಲ್ಲಿ ಚರ್ಮ ಹದಮಾಡಲು ಬೇಕಾದ ಕ್ರೋಮಿಯಂ ಲವಣ ತಯಾರಿಸುತ್ತಿದ್ದ ಕಾರ್ಖಾನೆಯೊಂದು 1990ರ ದಶಕದಲ್ಲಿ ಬಾಗಿಲು ಹಾಕಿತು. ಲಕ್ಷ ಟನ್ನಿಗೂ ಮೀರಿದ ಕ್ರೋಮಿಯಂ ಕಸ ಬೆಟ್ಟದ ಹಾಗೆ ಅಲ್ಲೇ ಉಳಿಯಿತು. ಮಳೆ ಬಂದಾಗಲೆಲ್ಲ ಅದು ತೊಳೆದು ನೆಲಕ್ಕೆ ಇಳಿದು ಸುತ್ತಲಿನ ಅಂತರ್ಜಲ ಕೆಟ್ಟಿತು. ಅದು ಆನೊಡೈಸಿಂಗ್ ಕಾರ್ಖಾನೆಯಲ್ಲ, ನಿಜ. ಆದರೆ ವಿಷ ಅದೇ ವಿಷ. ಪೀಣ್ಯದ ನೆಲದಡಿಯ ನೀರಿನಲ್ಲೂ ಆರು ವೇಲೆನ್ಸಿಯ ಕ್ರೋಮಿಯಂ ಸಿಕ್ಕಿದೆ. ಅಲ್ಲಿ ಲೋಹಕ್ಕೆ ಮುಲಾಮು ಹಾಕುವ ಸಣ್ಣ ಸಣ್ಣ ಘಟಕಗಳು ಬಹಳ. "ನಾವು ಕುಡಿಯೋಕೆ ಕ್ಯಾನ್ ನೀರು ತರಿಸ್ತಿದ್ವಿ ಮಾವ" ಅಂತ ಅಳಿಯನೇ ಹೇಳಿದ.

ಹುಳಿ ಬಂದ ದಾರಿ

ಯುರೋಪಿನ ಒಕ್ಕೂಟ, 2017ರ ಸೆಪ್ಟೆಂಬರ್ 21ರ ನಂತರ ವಿಶೇಷ ಅನುಮತಿ ಇಲ್ಲದೆ ಕ್ರೋಮಿಕ್ ಆಮ್ಲದ ಮೂಲವಾದ ಕ್ರೋಮಿಯಂ ಟ್ರೈಆಕ್ಸೈಡ್ ಬಳಸಬಾರದು ಅಂತ ಗಡುವು ಹಾಕಿತು. ವಿಮಾನದವರು ಅದಕ್ಕೆ ಎಷ್ಟೋ ಮೊದಲೇ ಬದಲಿ ಹುಡುಕಲು ಶುರುಮಾಡಿದ್ದರು. ಅಮೆರಿಕದ ಬೋಯಿಂಗ್ ಕಂಪನಿ 1990ರಲ್ಲಿ ಬೋರಿಕ್ ಆಮ್ಲ ಮತ್ತು ಗಂಧಕಾಮ್ಲ ಬೆರೆಸಿದ ತೊಟ್ಟಿಗೆ ಪೇಟೆಂಟ್ ಪಡೆಯಿತು. ಕೇರಂ ಬೋರ್ಡಿಗೆ ಉದುರಿಸುವ ಪುಡಿ ಇದೆಯಲ್ಲ, ಅದೇ ಬೋರಿಕ್. ಆದರೆ ಅದೂ ಸಂತಾನಶಕ್ತಿಗೆ ತೊಂದರೆ ಅಂತ 2010ರಲ್ಲಿ ಯುರೋಪಿನವರ ಎಚ್ಚರಿಕೆ ಪಟ್ಟಿಗೆ ಸೇರಿತು.

ಆ ಕಡೆ ಯುರೋಪಿನ ಏರ್‌ಬಸ್ ಒಪ್ಪಿಕೊಂಡದ್ದು ನಮ್ಮ ಹುಳಿಯನ್ನು. ಲೀಟರಿಗೆ ಸುಮಾರು 80 ಗ್ರಾಂ ಟಾರ್ಟಾರಿಕ್ ಆಮ್ಲ, 40 ಗ್ರಾಂ ಗಂಧಕಾಮ್ಲ. ಶಾಖ 37 ಡಿಗ್ರಿ, ಮೈ ಬಿಸಿಯಷ್ಟೇ. 14 ವೋಲ್ಟ್, ಇಪ್ಪತ್ತು ನಿಮಿಷ. ಕ್ರೋಮಿಕ್ ತೊಟ್ಟಿಗೆ ಹಳೆಯ ಕ್ರಮದಲ್ಲಿ ವೋಲ್ಟನ್ನು ಮೆಲ್ಲಗೆ 40ಕ್ಕೆ, ಆಮೇಲೆ 50ಕ್ಕೆ ಏರಿಸುತ್ತಾ ಹೋಗಬೇಕಿತ್ತು. ಹಾಗಾಗಿ ಇದರಲ್ಲಿ ಕರೆಂಟೂ ಉಳಿಯುತ್ತದೆ, ಹೊತ್ತೂ ಉಳಿಯುತ್ತದೆ. ಗಂಧಕಾಮ್ಲ ತೊಗಟೆ ಬೆಳೆಸುತ್ತಲೇ ಸ್ವಲ್ಪ ಸ್ವಲ್ಪ ಕರಗಿಸುತ್ತಲೂ ಇರುತ್ತದೆ. ಟಾರ್ಟಾರಿಕ್ ಆಮ್ಲ ಅದರ ಆ ಚಪಲಕ್ಕೆ ಕಡಿವಾಣ ಹಾಕುತ್ತದೆ. ಆದರೆ ಕ್ರೋಮಿಯಂ ಕಾದಂತೆ ಇದು ತಾನಾಗಿ ಗೀರು ಮುಚ್ಚಲಾರದು. ಆದ್ದರಿಂದ ಇದರ ಮೇಲೆ ಸೀಲಿಂಗ್, ಪ್ರೈಮರ್ ಎಲ್ಲ ಸರಿಯಾಗಿ ಆಗಬೇಕು. ಮಳಿಗೆಯವರು ಹೇಳುವ ಹಾಗೆ ಇದು ಸರಿಸಮಾನ ಬದಲಿ ಅಂತ ಕಣ್ಣು ಮುಚ್ಚಿ ಹೇಳುವಂತಿಲ್ಲ.

ಹುಣಸೆ ತಿರುಳಿನಲ್ಲಿ ನೂರಕ್ಕೆ 8ರಿಂದ 18ರಷ್ಟು ಈ ಟಾರ್ಟಾರಿಕ್ ಆಮ್ಲವೇ ಇದೆ. ಅಜ್ಜಿಯರು ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಬಿಂದಿಗೆಯ ಕಿಲುಬು ತೆಗೆಯುತ್ತಿದ್ದದ್ದು ಇದರಿಂದಲೇ. ಆದರೆ ವ್ಯಾಪಾರಿಗಳೇ, ಆಸೆ ಪಡಬೇಡಿ. ಕಾರ್ಖಾನೆಗೆ ಹೋಗುವ ಟಾರ್ಟಾರಿಕ್ ಆಮ್ಲ ಹೆಚ್ಚಾಗಿ ಬರುವುದು ದ್ರಾಕ್ಷಾರಸದ ಪೀಪಾಯಿಯ ತಳದಲ್ಲಿ ಕೂತ ಗಸಿಯಿಂದ. 1769ರಲ್ಲಿ ಷೀಲೆ ಎಂಬ ಸ್ವೀಡನ್ನಿನ ರಸಾಯನಜ್ಞ ಅದನ್ನು ಮೊದಲು ಬೇರ್ಪಡಿಸಿದ್ದೂ ಅಂಥ ಗಸಿಯಿಂದಲೇ. ಹಿಂದೂಪುರದ ಹುಣಸೆ ರೇಟು ಇದರಿಂದ ಏರುವುದಿಲ್ಲ.

ಅಳಿಯನ ಶೆಡ್ಡಿಗೆ ಹುಳಿ ಬೇಕೇ?

ಪೀಣ್ಯದಿಂದ ಬರುವಾಗ ಬಸ್ಸಿನಲ್ಲಿ ಕೇಳಿದೆ: "ನೀನು ವಿಮಾನದ ತಗಡು ಮಾಡ್ತೀಯೇನೋ?"

"ಇಲ್ಲ ಮಾವ. ಕಿಟಕಿ, ಬಾಗ್ಲು, ಸೋಲಾರ್ ಫ್ರೇಮು."

"ಹಂಗಾದ್ರೆ ಹುಣಸೆ ಮಾತು ಯಾಕೆ ತೆಗೆದೆ?"

ಹುಡುಗ ಕಿಟಕಿ ಕಡೆ ಮುಖ ತಿರುಗಿಸಿದ. ವಿಷಯ ಇದು. ಕಿಟಕಿ ಚೌಕಟ್ಟಿನ ಅಲ್ಯೂಮಿನಿಯಂನಲ್ಲಿ ಬೆರೆಸಿರುವುದು ಮೆಗ್ನೀಸಿಯಂ ಮತ್ತು ಸಿಲಿಕಾನ್, ಅದರಲ್ಲಿ ತಾಮ್ರ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೆ ಬರೀ ಗಂಧಕಾಮ್ಲ ಸಾಕು, ಕ್ರೋಮಿಕ್ ಆಮ್ಲವೂ ಬೇಡ ಟಾರ್ಟಾರಿಕ್ಕೂ ಬೇಡ. ಹಾಗಾದರೆ ಅವನ ಶೆಡ್ಡಿನಲ್ಲಿ ಕ್ರೋಮಿಯಂ ಬರುವುದೇ ಇಲ್ಲವೇ ಅಂದರೆ, ಹಿಂಬಾಗಿಲಿನಿಂದ ಬರಬಹುದು. ಪೌಡರ್ ಕೋಟಿಂಗ್ ಮಾಡುವ ಮೊದಲು ಪಟ್ಟಿಗೆ ಹಳದಿ ಕ್ರೋಮೇಟ್ ಅಂತ ಒಂದು ಅದ್ದು ಅದ್ದುವ ವಾಡಿಕೆ ಇದೆ. ಕೆಲವರು ಸೀಲಿಂಗಿಗೆ ಡೈಕ್ರೋಮೇಟ್ ಹಾಕುತ್ತಾರೆ. ಜಿರ್ಕೋನಿಯಂ, ಟೈಟಾನಿಯಂ ಲವಣದ ಬದಲಿಗಳು ಬಂದಿವೆ. ತೆಳುವಾಗಿ ಆನೊಡೈಸ್ ಮಾಡಿ ಅದರ ಮೇಲೆಯೇ ಪೌಡರ್ ಹಾಕಿದರೂ ನಡೆಯುತ್ತದೆ. ಆದ್ದರಿಂದ ಶೆಡ್ಡಿನವರನ್ನು "ಆನೊಡೈಸಿಂಗಿಗೆ ಕ್ರೋಮಿಯಂ ಹಾಕ್ತೀರಾ" ಅಂತಷ್ಟೇ ಕೇಳಿ ಸುಮ್ಮನಾಗಬೇಡಿ. ಹಳದಿ ತೊಟ್ಟಿ ಇದೆಯೇ ಅಂತ ಒಳಗೆ ಹೋಗಿ ನೋಡಿ.

ಇನ್ನೊಂದು ನಿಕಲ್. ಕುದಿಯುವ ನೀರಿನ ಸೀಲಿಂಗಿಗೆ ಒಂದೊಂದು ಮೈಕ್ರಾನಿಗೂ ಎರಡು ಮೂರು ನಿಮಿಷ ಬೇಕು. 15 ಮೈಕ್ರಾನಿಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ನೀರು ಕುದಿಯುತ್ತಲೇ ಇರಬೇಕು. ಸೌದೆಯೋ ಕರೆಂಟೋ ಖರ್ಚಾಗುತ್ತದೆ ಅಂತ ಹಲವರು ನಿಕಲ್ ಲವಣ ಹಾಕಿ ಕಡಿಮೆ ಶಾಖದಲ್ಲೇ ಮುಚ್ಚುತ್ತಾರೆ. ಆ ನಿಕಲ್ ತೊಳೆದ ನೀರಿನ ಜೊತೆ ಹೊರಗೆ ಬರುತ್ತದೆ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 0.02 ಮಿಲಿಗ್ರಾಂ, ಕ್ರೋಮಿಯಂಗಿಂತಲೂ ಕಡಿಮೆ. ಕುದಿನೀರಿನಲ್ಲೇ ಮುಚ್ಚುತ್ತೇನೆ, ಸೋಲಾರ್ ಬಿಸಿನೀರಿನಿಂದ ಶುರುಮಾಡಿ ಆಮೇಲೆ ಕುದಿಸಿದರೆ ಖರ್ಚು ತಗ್ಗುತ್ತದೆ ಅಂತ ಅಳಿಯ ಒಪ್ಪಿದ. ಈ ಲೆಕ್ಕ ಅವನದೇ, ನನಗೂ ಸರಿ ಕಂಡಿತು.

ಎಲ್ಲಕ್ಕಿಂತ ಹೆಚ್ಚಾಗಿ ನಮ್ಮಂಥ ಬೋರ್‌ವೆಲ್ ಸೀಮೆಯವರು ನೋಡಬೇಕಾದ್ದು ತೊಳೆಯುವ ನೀರು. ಒಂದು ತೊಟ್ಟಿಯಿಂದ ಎತ್ತಿದ ಪಟ್ಟಿಗೆ ಅಂಟಿಕೊಂಡು ಒಂದು ಲೀಟರ್ ಆಸಿಡ್ ಬಂತು ಅಂತ ಇಟ್ಟುಕೊಳ್ಳಿ. ಅದನ್ನು ಸಾವಿರ ಪಾಲು ತೆಳುವಾಗುವಷ್ಟು ತೊಳೆಯಬೇಕು. ಒಂದೇ ತೊಟ್ಟಿಯಲ್ಲಿ ತೊಳೆದರೆ ಸಾವಿರ ಲೀಟರ್ ನೀರು. ಎರಡು ತೊಟ್ಟಿ ಇಟ್ಟು, ಹೊಸ ನೀರನ್ನು ಕೊನೆಯ ತೊಟ್ಟಿಗೆ ಬಿಟ್ಟು ಅದರ ಬಳಸಿದ ನೀರು ಹಿಂದಿನ ತೊಟ್ಟಿಗೆ ಹರಿಯುವಂತೆ ಮಾಡಿದರೆ ಸುಮಾರು 32 ಲೀಟರ್ ಸಾಕು. ಮೂರು ತೊಟ್ಟಿಯಾದರೆ 10 ಲೀಟರ್! ಮೊದಲು ನಾನು ನಂಬಲಿಲ್ಲ, ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದ ಮೇಲೆ ನಂಬಿದೆ. ಮಾಡಬೇಕಾದ್ದು ಎರಡು ತೊಟ್ಟಿ ಹೆಚ್ಚಿಗೆ ಕಟ್ಟಿಸುವುದು, ಪಟ್ಟಿಯನ್ನು ಎತ್ತಿದ ಮೇಲೆ ಅರ್ಧ ನಿಮಿಷ ತೊಟ್ಟಿಯ ಮೇಲೇ ಸೋರಲು ಬಿಡುವುದು. ಅಷ್ಟಕ್ಕೂ ಬೇಸರ ಪಡುವವರಿಂದಲೇ ಊರಿನ ನೀರು ಹೋಗುವುದು.

ಉಳಿದ ಕೊಳೆನೀರಿನಲ್ಲಿ ಒಂದು ಕಡೆ ಆಸಿಡ್, ಇನ್ನೊಂದು ಕಡೆ ಕಾಸ್ಟಿಕ್. ಎರಡನ್ನೂ ಸೇರಿಸಿದರೆ ಒಂದನ್ನೊಂದು ಕೊಲ್ಲುತ್ತವೆ, ಬಿಳಿ ಕೆಸರು ತಳಕ್ಕೆ ಕೂರುತ್ತದೆ. ಆ ಕೆಸರು ಅಲ್ಯೂಮಿನಿಯಂನದೇ. ಬೇರೆ ವಿಷ ಸೇರಿರದಿದ್ದರೆ ಅದರಿಂದ ಪಟಿಕ ಮಾಡಬಹುದು, ಮಳೆಗಾಲದ ಕೆಂಪು ನೀರು ತಿಳಿಯಾಗಿಸಲು ಹಾಕುವ ಅದೇ ಪಟಿಕ. ಆದರೆ ಮೇಲೆ ನಿಂತ ತಿಳಿನೀರು ನೋಡಿ ಮೋಸ ಹೋಗಬೇಡಿ. ಹುಳಿಯೂ ಇಲ್ಲ, ಖಾರವೂ ಇಲ್ಲ, ಲಿಟ್ಮಸ್ ಕಾಗದ ಬಣ್ಣ ಬದಲಿಸುವುದಿಲ್ಲ. ಕಾಸ್ಟಿಕ್ಕಿನ ಸೋಡಿಯಂ ಮಾತ್ರ ಅದರಲ್ಲೇ ಕರಗಿ ಕೂತಿರುತ್ತದೆ. ಗಿಡಕ್ಕೆ ಬಿಡ್ತೀವಿ ಬಿಡಿ ಅಂತ ಹೇಳುವವರು ಇದ್ದಾರೆ. ಎರಡು ಮೂರು ವರ್ಷ ಬಿಟ್ಟು ನೋಡಿ, ನೆಲ ಚೌಳು ಹಿಡಿದು ಗಾರೆ ಹಾಕಿದಂತಾಗುತ್ತದೆ. ಆ ನೀರನ್ನು ಶುದ್ಧಮಾಡಿ ಮತ್ತೆ ತೊಟ್ಟಿಗೇ ತಿರುಗಿಸಬೇಕು, ಉಳಿದ ಉಪ್ಪುನೀರನ್ನು ಬಿಸಿಲಿಗೆ ಒಣಗಿಸಲು ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿದ ಹೊಂಡ ಬೇಕು. ಅಳಿಯನ ಯೋಜನೆಯಲ್ಲಿ ಈ ಹೊಂಡವೇ ಇರಲಿಲ್ಲ. ಕೋಡಿಗೆ ಪೈಪು ಎಳೆದಿದ್ದ.

ಸರ್ಕಾರದ ಕಣ್ಣಿನಲ್ಲಿ ಇದು ಸಣ್ಣ ಕೆಲಸವಲ್ಲ. 2016ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮಾಡಿದ ವಿಂಗಡಣೆಯಲ್ಲಿ ಆನೊಡೈಸಿಂಗನ್ನು ಕೆಂಪು ಪಟ್ಟಿಗೆ ಸೇರಿಸಿತು. ಶೆಡ್ ಕಟ್ಟುವುದಕ್ಕೆ ಒಂದು ಅನುಮತಿ, ನಡೆಸುವುದಕ್ಕೆ ಇನ್ನೊಂದು, ಎರಡನ್ನೂ ರಾಜ್ಯದ ಮಂಡಳಿಯಿಂದ ಪಡೆಯಬೇಕು. ಕಾಗದ ಕೇಳಿ ನೋಡುವುದು ಪಕ್ಕದ ಹೊಲದವನ ಹಕ್ಕು.

ಇಷ್ಟೆಲ್ಲ ಹೇಳಿ, ಆನೊಡೈಸಿಂಗೇ ಬೇಡ ಅನ್ನುವವನು ನಾನಲ್ಲ. ನಮ್ಮ ಪಕ್ಕದ ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕು ನಿಂತಿದೆ. ಅಂಥ ಪ್ಯಾನೆಲ್ಲುಗಳ ಚೌಕಟ್ಟಿಗೆ ಸಾಮಾನ್ಯವಾಗಿ ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಹಾಕುತ್ತಾರೆ. ತೊಗಟೆ ಇಲ್ಲದಿದ್ದರೆ ಇಪ್ಪತ್ತೈದು ವರ್ಷ ಮಳೆ ಬಿಸಿಲಿಗೆ ನಿಲ್ಲುವುದು ಕಷ್ಟ. ಹೊಲದಲ್ಲಿ ಸೋಲಾರ್ ಪಂಪು ಇಟ್ಟವರಿಗೆ ಇಲ್ಲೇ ಒಂದು ಮಾತು. ಆ ತೊಗಟೆ ಕರೆಂಟು ಹರಿಯಬಿಡುವುದಿಲ್ಲ. ಅರ್ಥಿಂಗ್ ವಯರನ್ನು ಚೌಕಟ್ಟಿಗೆ ಸುಮ್ಮನೆ ಸುತ್ತಿ ಬೋಲ್ಟ್ ಬಿಗಿದರೆ ಅದು ಅರ್ಥಿಂಗೇ ಅಲ್ಲ. ತೊಗಟೆಯನ್ನು ಕಚ್ಚಿ ಸೀಳುವ ಹಲ್ಲಿನ ವಾಷರ್ ಹಾಕಿ, ಅದಕ್ಕೆಂದೇ ಇರುವ ತೂತಿನಲ್ಲಿ ಬಿಗಿಯಬೇಕು. ಹಾಗೇ ಮನೆ ಕಟ್ಟುವವರು ಕಿಟಕಿ ಚೌಕಟ್ಟಿನ ಮೇಲೆ ಹಸಿ ಸಿಮೆಂಟು, ಸುಣ್ಣ ಬಿದ್ದರೆ ಒಣಗುವ ಮೊದಲೇ ಒರೆಸಿ. ಖಾರದ ವಸ್ತು ಬಿದ್ದರೆ ಎಷ್ಟು ಒಳ್ಳೆಯ ತೊಗಟೆಯೂ ಕರಗುತ್ತದೆ. ಚೌಕಟ್ಟು ಕೊಳ್ಳುವಾಗ ಮೂಲೆಯಲ್ಲಿ ಇಂಕಿನ ಒಂದು ಹನಿ ಬಿಟ್ಟು ಐದು ನಿಮಿಷದ ಮೇಲೆ ಸೋಪು ನೀರಿನಲ್ಲಿ ಒರೆಸಿ ನೋಡಿ. ಕಲೆ ಉಳಿದರೆ ಸೀಲಿಂಗ್ ಸರಿಯಾಗಿಲ್ಲ ಅಂತ ತಿಳಿಯಿರಿ.

ಅಳಿಯನ ಶೆಡ್ಡಿಗೆ ಇನ್ನೂ ಪಾಯ ತೋಡಿಲ್ಲ. ಕೋಡಿ ಪಕ್ಕದ ಜಾಗ ಬಿಟ್ಟು, ಕೆರೆಗೆ ದೂರವಾದ ಮೇಲಿನ ದಿಣ್ಣೆಯಲ್ಲಿ ಹಾಕುವುದಾದರೆ ನೋಡೋಣ ಅಂದಿದ್ದೇನೆ. ತೊಳೆಯಲು ಮೂರು ತೊಟ್ಟಿ, ನಿಕಲ್ ಇಲ್ಲ, ಹಳದಿ ತೊಟ್ಟಿ ಇಲ್ಲ, ಪ್ಲಾಸ್ಟಿಕ್ ಹಾಸಿದ ಹೊಂಡ ಇಷ್ಟನ್ನೂ ಒಂದು ಕಾಗದದಲ್ಲಿ ಅವನ ಕೈಯಲ್ಲೇ ಬರೆಸಿಕೊಂಡೆ. "ಸ್ವಂತ ಮಾವನೇ ನನ್ನ ಹತ್ರ ಬರೆಸ್ಕೊಳ್ಳೋದಾ" ಅಂತ ಅವನಿಗೆ ಸಿಟ್ಟು, ಅಕ್ಕ ಎರಡು ವಾರ ನನ್ನ ಜೊತೆ ಮಾತಾಡಲಿಲ್ಲ. ಹೋದ ವಾರ ನನ್ನ ಬೋರ್‌ವೆಲ್ಲಿನ ನೀರನ್ನು ಬಾಟಲಿಗೆ ತುಂಬಿ, ಕ್ರೋಮಿಯಂ, ನಿಕಲ್, ಸೋಡಿಯಂ ಮೂರನ್ನೂ ನೋಡಿ ಅಂತ ಚೀಟಿ ಅಂಟಿಸಿ ಪರೀಕ್ಷೆಗೆ ಕಳಿಸಿದೆವು. ಬಾಟಲಿ ಹಿಡಿದು ಬಸ್ಸು ಹತ್ತಿದವನು ಅಳಿಯನೇ.